ಹನ್ನೆರಡು ವಾದ್ಯ, ಮೂರು ಕಂಠ: ಒಂದು ಸ್ವಿಂಗ್ ಆಲ್ಬಮ್‌ನ ಪ್ರಕರಣ ಅಧ್ಯಯನ

ಈ ಪ್ರಕರಣ 1957ರ ನ್ಯೂಯಾರ್ಕಿನದು. ಪಿಯಾನೊ ವಾದಕ ಕೌಂಟ್ ಬೇಸಿಯ ಬಿಗ್ ಬ್ಯಾಂಡ್ (ದೊಡ್ಡ ಜಾಝ್ ವಾದ್ಯತಂಡ) ನುಡಿಸುತ್ತಿದ್ದ ಸ್ವಿಂಗ್ ಕೃತಿಗಳಲ್ಲಿ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನುಗಳ ಪಾಲನ್ನೆಲ್ಲ ಕಂಠಕ್ಕೆ ವಹಿಸಿ, ಪ್ರತಿ ಸಾಲಿಗೂ ಸಾಹಿತ್ಯ ಹಾಕಿ ಹಾಡುವ ಯೋಜನೆ ಅದು. ಹಾಡಿದವರ ಹೆಸರನ್ನೂ ಹಣ ಹೂಡಿಸಿದವರ ಹೆಸರನ್ನೂ ಬಿಟ್ಟು ಸಂಯೋಜಕ, ಪದಕಾರ, ಗಾಯಕಿ, ನಿರ್ಮಾಪಕ ಎಂದಷ್ಟೇ ಕರೆದಿದ್ದೇವೆ. ಜಾಝ್ ಬಲ್ಲವರಿಗೆ ಗುರುತು ಸಿಕ್ಕೀತು, ಅದರಿಂದ ತೊಂದರೆಯೇನಿಲ್ಲ. ಗಾಯಕ ತಂಡ ಕಟ್ಟುವವರು, ಹಳೆಯ ವಾದ್ಯಕೃತಿಗಳನ್ನು ಕಂಠಕ್ಕೆ ತರಲು ಹೊರಟವರು ನೋಡಬೇಕಾದ್ದು ಯಾವ ಹಂತದಲ್ಲಿ ಯಾರು ಯಾವ ತೀರ್ಮಾನ ತೆಗೆದುಕೊಂಡರು ಎಂಬುದನ್ನು.

ಹಿನ್ನೆಲೆ

1930ರ ದಶಕದ ನಡುವಿನಿಂದ ಹತ್ತು ವರ್ಷ ಅಮೆರಿಕದ ಜನಪ್ರಿಯ ಸಂಗೀತವೆಂದರೆ ಸ್ವಿಂಗ್. ಕುಣಿಯುವವರಿಗಾಗಿ ಹದಿನೈದು ಹದಿನಾರು ಜನರ ಬ್ಯಾಂಡುಗಳು ನುಡಿಸುತ್ತಿದ್ದವು. ಅದು ಇಳಿಮುಖವಾದದ್ದಕ್ಕೆ ಕೇಳುಗರ ರುಚಿ ಬದಲಾದದ್ದಷ್ಟೇ ಕಾರಣವಲ್ಲ. 1942ರ ಆಗಸ್ಟಿನಲ್ಲಿ ವಾದ್ಯಗಾರರ ಸಂಘ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತು. ದೊಡ್ಡ ಕಂಪನಿಗಳಲ್ಲಿ ಅದು 1944ರ ಕೊನೆಯವರೆಗೂ ನಡೆಯಿತು. ಗಾಯಕರು ಆ ಸಂಘದ ಸದಸ್ಯರಲ್ಲದ ಕಾರಣ ಕಂಪನಿಗಳು ಬರೀ ಕಂಠಗಳನ್ನಿಟ್ಟುಕೊಂಡು ರೆಕಾರ್ಡ್ ಮಾಡಿದವು, ಬ್ಯಾಂಡಿನ ಮುಂದೆ ನಿಂತು ಹಾಡುತ್ತಿದ್ದವರೇ ತಾರೆಗಳಾದರು. 1944ರಲ್ಲಿ ಕುಣಿತವಿರುವ ಹೋಟೆಲು, ಕ್ಲಬ್ಬುಗಳ ಮೇಲೆ ಶೇ. 30ರ ತೆರಿಗೆ ಬಿತ್ತು. ಅದೇ ವರ್ಷ ಶೇ. 20ಕ್ಕೆ ಇಳಿಸಿದರೂ ಎಷ್ಟೋ ಮಾಲೀಕರು ಅಷ್ಟರಲ್ಲಿ ಕುಣಿಯುವ ಜಾಗಕ್ಕೆ ಮೇಜು ಹಾಕಿಬಿಟ್ಟಿದ್ದರು. ಬೇಸಿಯೇ 1950ರಲ್ಲಿ ಬ್ಯಾಂಡ್ ಮುಚ್ಚಿ ಸಣ್ಣ ತಂಡಕ್ಕೆ ಇಳಿದು, 1952ರಲ್ಲಿ ಮತ್ತೆ ದೊಡ್ಡ ಬ್ಯಾಂಡ್ ಕಟ್ಟಿದ. 1957ರ ಹೊತ್ತಿಗೆ ಹುಡುಗರ ಕಿವಿ ರಾಕ್ ಅಂಡ್ ರೋಲ್ ಕಡೆಗಿತ್ತು. ಸ್ವಿಂಗ್ ಆಗಲೇ ಹಳಬರ ಸಂಗೀತ.

ಕಂಠದಲ್ಲಿ ವಾದ್ಯ ನುಡಿಸುವುದು ಹೊಸದಾಗಿರಲಿಲ್ಲ. ಮಿಲ್ಸ್ ಬ್ರದರ್ಸ್ ಎಂಬ ಅಣ್ಣತಮ್ಮಂದಿರು 1930ರ ದಶಕದ ಆರಂಭದಲ್ಲೇ ಒಂದು ಗಿಟಾರ್ ಬಿಟ್ಟರೆ ಮಿಕ್ಕ ವಾದ್ಯಗಳನ್ನೆಲ್ಲ ಬಾಯಲ್ಲೇ ನುಡಿಸಿ ಹೆಸರಾಗಿದ್ದರು. ಧ್ವನಿಮುದ್ರಣವಾದ ಸೋಲೋ (ಒಬ್ಬರೇ ನುಡಿಸುವ ಭಾಗ) ಒಂದರ ಪ್ರತಿ ಸ್ವರಕ್ಕೂ ಒಂದು ಅಕ್ಷರ ಕೂರಿಸಿ ಹಾಡುವ ವೋಕಲೀಸ್ ಪದ್ಧತಿ 1950ರ ಆಸುಪಾಸಿನಲ್ಲಿ ಬೇರೂರಿತು. ನಮ್ಮ ಪ್ರಕರಣದ ಗಾಯಕಿ 1952ರಲ್ಲಿ ಟೆನರ್ ಸ್ಯಾಕ್ಸೊಫೋನ್ ಸೋಲೋ ಒಂದಕ್ಕೆ ತಾನೇ ಪದ ಕಟ್ಟಿ ಹಾಡಿ ಗುರುತಿಸಿಕೊಂಡಿದ್ದಳು. ಸಂಯೋಜಕ 1940ರ ದಶಕದಲ್ಲೇ ಬಿಗ್ ಬ್ಯಾಂಡಿನ ಜತೆ ಹಾಡಿದವನು, ಗಾಯಕವೃಂದಗಳಿಗೆ ಸ್ವರಲಿಪಿ ಬರೆಯುವುದೇ ಅವನ ಕಸುಬು. ಅವನೂ ಪದಕಾರನೂ ಸೇರಿ ಆಗಲೇ ಸ್ಯಾಕ್ಸೊಫೋನ್ ವಿಭಾಗದ ಒಂದು ಪ್ರಸಿದ್ಧ ಕೃತಿಯನ್ನು ಹಾಡಿನ ರೂಪಕ್ಕೆ ತಂದಿದ್ದರು. ಅದರಿಂದ ದೊಡ್ಡ ಹೆಸರೇನೂ ಬರಲಿಲ್ಲ.

ಸಮಸ್ಯೆ

ಸೋಲೋ ಒಂದನ್ನು ಒಬ್ಬರು ಹಾಡಬಹುದು. ಇಡೀ ಬ್ಯಾಂಡನ್ನು ಹಾಡುವುದೆಂದರೆ ಲೆಕ್ಕ ಬೇರೆ. 1950ರ ದಶಕದ ಬೇಸಿ ಬ್ಯಾಂಡಿನಲ್ಲಿ 4 ಟ್ರಂಪೆಟ್, 3 ಟ್ರೊಂಬೋನ್, 5 ಸ್ಯಾಕ್ಸೊಫೋನ್; ಲಯಕ್ಕೆ ಪಿಯಾನೊ, ಗಿಟಾರ್, ಬಾಸ್, ಡ್ರಮ್. ಲಯದ ನಾಲ್ಕನ್ನು ವಾದ್ಯಗಳಾಗಿಯೇ ಉಳಿಸಿಕೊಂಡರೂ ಹನ್ನೆರಡು ಸಾಲುಗಳು ಕಂಠಕ್ಕೆ ಬರಬೇಕು. ಬ್ಯಾರಿಟೋನ್ ಸ್ಯಾಕ್ಸೊಫೋನ್ ಸುಮಾರು 69 ಹರ್ಟ್ಸ್‌ವರೆಗೆ ಇಳಿಯುತ್ತದೆ, ಒಳ್ಳೆಯ ಬಾಸ್ ಗಾಯಕ ದಣಿಯದೆ ಹಾಡುವುದು 82ರ ಆಸುಪಾಸಿನವರೆಗೆ. ಅತ್ತ ಮೊದಲ ಟ್ರಂಪೆಟ್‌ನ ತುದಿ ಸ್ವರಗಳು ಹೆಣ್ಣು ಕಂಠಕ್ಕೂ ಏರುದಾರಿ.

ಇನ್ನೊಂದು ತೊಡಕು ವೇಗ. ನಿಮಿಷಕ್ಕೆ 240 ಎಣಿಕೆಯ ಕೃತಿಯಲ್ಲಿ ಎಣಿಕೆಗೆ ಎರಡು ಸ್ವರದಂತೆ ಸಾಗುವ ಸೋಲೋ ಹಾಡಲು ಸೆಕೆಂಡಿಗೆ ಎಂಟು ಅಕ್ಷರ ನಾಲಿಗೆಯಿಂದ ಹೊರಡಬೇಕು, ಅದೂ ಅರ್ಥವಾಗುವ ಮಾತಾಗಿ. ಹೀಗೆ ಎಡವುವ ಜಾಗಗಳು ಬೇಕಾದಷ್ಟಿದ್ದವು. ತಂಡದವರು ಇವನ್ನೆಲ್ಲ ಮೊದಲೇ ಊಹಿಸಿದ್ದರು. ಕೆಲಸ ಕೆಟ್ಟದ್ದು ಅವರು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಕಡೆಯಿಂದ.

ಮೊದಲ ಪ್ರಯತ್ನ

ಹನ್ನೆರಡು ಸಾಲಿಗೆ ಹನ್ನೆರಡು ಜನ ಬೇಕೆಂಬುದು ಸಹಜವಾದ ತರ್ಕ. ಪದಕಾರ ವಿಭಾಗಗಳಿಗೂ ಸೋಲೋಗಳಿಗೂ ಸಾಹಿತ್ಯ ಬರೆದು ಮುಗಿಸಿದ. ಸಂಯೋಜಕ ಬೇಸಿಯ ರೆಕಾರ್ಡುಗಳನ್ನು ಕೇಳಿ ಸ್ವರಲಿಪಿ ಇಳಿಸಿದ. ನ್ಯೂಯಾರ್ಕಿನ ಸ್ಟುಡಿಯೊಗಳಲ್ಲಿ ಜಾಹೀರಾತು, ಹಿನ್ನೆಲೆ ಗಾಯನ ಮಾಡಿಕೊಂಡಿದ್ದ ಹನ್ನೆರಡರ ಆಸುಪಾಸಿನ ವೃತ್ತಿಪರ ಗಾಯಕರನ್ನು ಕರೆಸಿದರು. ಸ್ವರಲಿಪಿ ಕೈಗೆ ಕೊಟ್ಟರೆ ಕಂಡ ಕೂಡಲೇ ತಪ್ಪಿಲ್ಲದೆ ಹಾಡುವ ಜನ ಅವರು. ಲಯಕ್ಕೆ ಬೇಸಿ ಬ್ಯಾಂಡಿನದೇ ಗಿಟಾರ್, ಬಾಸ್, ಡ್ರಮ್. ಪಿಯಾನೊಗೆ ಮಾತ್ರ ಬೇಸಿಯ ಶೈಲಿ ಬಲ್ಲ ಹೊರಗಿನವನೊಬ್ಬ. ಇಡೀ ಯೋಜನೆಯಲ್ಲಿ ಕೊನೆಯವರೆಗೂ ಬದಲಾಗದೆ ಉಳಿದ ತೀರ್ಮಾನ ಇದೊಂದೇ, ನಮ್ಮ ಲೆಕ್ಕದಲ್ಲಿ ಆಲ್ಬಮ್ ಉಳಿದದ್ದೂ ಇದರಿಂದಲೇ. 1937ರಿಂದ ಬೇಸಿಯ ಜತೆಗಿದ್ದ ಫ್ರೆಡ್ಡಿ ಗ್ರೀನ್ ಆಂಪ್ಲಿಫೈಯರ್ ಇಲ್ಲದ ಗಿಟಾರಿನಲ್ಲಿ ಆವರ್ತಕ್ಕೆ ನಾಲ್ಕು ಏಟು ಹಾಕುತ್ತಾ ಕೂತನೆಂದರೆ ಆ ಬ್ಯಾಂಡಿನ ನಡೆ ಅಲ್ಲೇ ತಯಾರು. ಅದರ ಮೇಲೆ ಹಾಡುವವರಿಗೆ ಬೇರೆ ನೆಪ ಉಳಿಯುವುದಿಲ್ಲ.

ಹಾಡಿದ್ದು ಸ್ವಿಂಗ್ ಆಗಲಿಲ್ಲ. ಸ್ವರ ಸರಿ, ಶ್ರುತಿ ಸರಿ, ಮಾತು ಸ್ಪಷ್ಟ. ಕೇಳಿದರೆ ಚರ್ಚಿನ ವೃಂದಗಾನ. ಆಗ ಗಾಯಕಿಯನ್ನು ಕರೆಸಿದರು, ಹಾಡುವುದಕ್ಕಲ್ಲ, ವೃಂದಕ್ಕೆ ಬೇಸಿಯ ನಡೆ ಕಲಿಸಲು. ಅದೂ ಫಲಿಸಲಿಲ್ಲ. ಅಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಡಾಲರ್ ಖರ್ಚಾಗಿತ್ತು, ಬಳಸಬಹುದಾದ ಒಂದು ಟ್ರ್ಯಾಕೂ ಕೈಯಲ್ಲಿರಲಿಲ್ಲ.

ಯಾಕೆ ಕೂಡಿಬರಲಿಲ್ಲ

ಇಂದಿಗೂ ಎಷ್ಟೋ ವೃಂದಗಳು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ಬಿಡಿಸಿ ನೋಡೋಣ.

ಸ್ವಿಂಗಿನ ಸ್ವರಲಿಪಿಯಲ್ಲಿ ಎಣಿಕೆಯ ಎರಡು ಅರ್ಧಗಳನ್ನು ಸಮವಾಗಿ ಬರೆಯುತ್ತಾರೆ, ಹಾಡುವಾಗ ಸಮವಾಗಿ ಹಾಡುವುದಿಲ್ಲ. ನಮ್ಮವರಿಗೆ ಹೇಳುವುದಾದರೆ ಅದು ತಿಶ್ರ ನಡೆಗೆ ಹತ್ತಿರ: ತಕಿಟದಲ್ಲಿ ‘ತಕಿ’ ಸೇರಿ ಮೊದಲ ಸ್ವರ, ‘ಟ’ ಎರಡನೆಯದು. ನಿಮಿಷಕ್ಕೆ 120 ಎಣಿಕೆಯಿದ್ದಾಗ ಒಂದು ಎಣಿಕೆ 500 ಮಿಲಿಸೆಕೆಂಡು. ಮೊದಲ ಸ್ವರಕ್ಕೆ ಸುಮಾರು 333, ಎರಡನೆಯದಕ್ಕೆ 167. ಆದರೆ ಈ 2:1 ಎಲ್ಲ ವೇಗಕ್ಕೂ ಅನ್ವಯಿಸುವುದಿಲ್ಲ. ವಿಳಂಬದಲ್ಲಿ ಅಂತರ ಇನ್ನೂ ಹಿಗ್ಗುತ್ತದೆ, 240ರ ವೇಗಕ್ಕೆ ಬಂದಾಗ ಎರಡೂ ಸ್ವರ ಹೆಚ್ಚುಕಡಿಮೆ ಸಮವಾಗಿಬಿಡುತ್ತವೆ. ಲಿಪಿ ಓದುವ ಗಾಯಕ ಒಂದೋ ಬರೆದಂತೆ ಸಮವಾಗಿ ಹಾಡುತ್ತಾನೆ, ಇಲ್ಲವೇ ‘ಇದು ಸ್ವಿಂಗ್’ ಎಂದು ಹೇಳಿಸಿಕೊಂಡು ಎಲ್ಲ ವೇಗಕ್ಕೂ ತಿಶ್ರವನ್ನೇ ಗಟ್ಟಿಯಾಗಿ ಹೊಡೆಯುತ್ತಾನೆ. ಎರಡನೆಯದು ಕೇಳಲು ಕುದುರೆ ಸವಾರಿಯಂತಿರುತ್ತದೆ, ಮೊದಲನೆಯದಕ್ಕಿಂತ ಕೆಟ್ಟದು.

ಅದರ ಜತೆಗೆ ತಾಳದಲ್ಲಿ ಕೂರುವ ಜಾಗ. ಡ್ರಮ್ಮು, ಬಾಸು ಎಣಿಕೆಯ ನೆತ್ತಿಯ ಮೇಲಿದ್ದರೆ ಬೇಸಿಯ ಸ್ಯಾಕ್ಸೊಫೋನುಗಳು ಕೂದಲೆಳೆಯಷ್ಟು ಹಿಂದೆ ಇರುತ್ತವೆ. ಐದೂ ಜನ ಅಷ್ಟೇ ಹಿಂದೆ. ಸ್ಟುಡಿಯೊ ಗಾಯಕನಿಗೆ ತರಬೇತಿಯಾಗಿರುವುದು ಕೈಬೀಸಿದ ಕ್ಷಣಕ್ಕೆ ಸರಿಯಾಗಿ ಸ್ವರ ಹಿಡಿಯಲು. ಹಿಂದೆ ಸರಿಯಿರಿ ಎಂದರೆ ಹನ್ನೆರಡು ಜನ ಹನ್ನೆರಡು ಅಳತೆಯಲ್ಲಿ ಹಿಂದೆ ಸರಿಯುತ್ತಾರೆ, ಆಗ ವಿಭಾಗವೇ ಚದುರುತ್ತದೆ.

ಕಂಪನದ್ದು ಇನ್ನೊಂದು ಕಥೆ. ಬ್ಯಾಂಡಿನ ಸ್ಯಾಕ್ಸೊಫೋನ್ ಉದ್ದ ಸ್ವರವನ್ನು ನೇರವಾಗಿ ಹಿಡಿದು ಕೊನೆಯಲ್ಲಷ್ಟೇ ಅಲುಗಿಸುತ್ತದೆ. ತರಬೇತಾದ ಕಂಠ ಶುರುವಿನಿಂದಲೇ ಅಲುಗುತ್ತದೆ. ಒಂಟಿ ಕಂಠದಲ್ಲಿ ಅದು ಚೆಂದ. ಆದರೆ ಈ ಸಂಗೀತದಲ್ಲಿ ಒಟ್ಟಿಗೆ ನುಡಿಯುವ ಸ್ವರಗಳ ಜೋಡಣೆ ತೀರಾ ಒತ್ತಾದದ್ದು. ಷಡ್ಜ, ಅಂತರ ಗಾಂಧಾರ, ಪಂಚಮ, ಚತುಶ್ರುತಿ ಧೈವತ ನಾಲ್ಕೂ ಒಟ್ಟಿಗೆ ನಿಲ್ಲುವ ಸಿಕ್ಸ್ತ್ ಕಾರ್ಡಿನಲ್ಲಿ ಪಂಚಮಕ್ಕೂ ಧೈವತಕ್ಕೂ ನಡುವೆ ಇರುವುದು ಎರಡೇ ಅರ್ಧಸ್ವರ. ಎರಡೂ ಕಂಠ ತಲಾ ಅರ್ಧಸ್ವರ ಅಗಲಕ್ಕೆ ಬೇರೆ ಬೇರೆ ವೇಗದಲ್ಲಿ ಅಲುಗಿದರೆ ನಡುವಿನ ಗಡಿಯೇ ಅಳಿಸಿಹೋಗಿ ಕಾರ್ಡು ಮಬ್ಬಾಗುತ್ತದೆ. ಕೇಳುವವರಿಗೆ ‘ಶ್ರುತಿ ಸರಿಯಿದೆ, ಆದರೂ ಏನೋ ಕಮ್ಮಿ’ ಎನಿಸುವುದು ಇದಕ್ಕೇ.

ಸ್ವರ ಮುಗಿಸುವ ಬಗೆಯನ್ನು ತಾಲೀಮಿನಲ್ಲಿ ಎಲ್ಲರೂ ಕೊನೆಗೆ ಮುಂದೂಡುತ್ತಾರೆ, ಅದು ಮೊದಲು ಬರಬೇಕು. ಹಿತ್ತಾಳೆ ವಾದ್ಯಗಳ ಗಿಡ್ಡ ಸ್ವರ ನಾಲಿಗೆಯಿಂದ ಥಟ್ಟನೆ ನಿಲ್ಲುತ್ತದೆ. ಕಂಠದಲ್ಲಿ ಅದನ್ನು ಮಾಡುವುದು ವ್ಯಂಜನ: ‘ಡಾಟ್’ ಎಂದರೆ ಟ್ ಬೀಳುವ ಕ್ಷಣಕ್ಕೆ ಸ್ವರ ಸತ್ತಿರುತ್ತದೆ. ಆ ಟ್ ಯಾವ ಎಣಿಕೆಯ ಮೇಲೆ ಬೀಳಬೇಕೆಂದು ಹೇಳಿಕೊಡದಿದ್ದರೆ ಹನ್ನೆರಡು ಟ್‌ಗಳು ಜೋಳ ಸಿಡಿದಂತೆ ಕೇಳಿಸುತ್ತವೆ.

ಇವಿಷ್ಟನ್ನೂ ಬಾಯಲ್ಲಿ ಹೇಳಿ ಕೆಲವೇ ತಾಲೀಮಿನಲ್ಲಿ ಬರಿಸಲಾಗದು. ಗಾಯಕಿ ಕಲಿಸಲಾರದೆ ಹೋದದ್ದು ಅವಳ ಕೊರತೆಯೇನಲ್ಲ. ವರ್ಷಗಟ್ಟಲೆ ಆ ರೆಕಾರ್ಡುಗಳ ಜತೆ ಬದುಕಿದವರಿಗೆ ಯೋಚಿಸದೆ ಬರುವ ಸಂಗತಿಗಳಿವು.

ತಿರುವು

ಈ ಹಂತದಲ್ಲಿ ನಿರ್ಮಾಪಕನ ಮುಂದೆ ಮೂರು ದಾರಿಗಳಿದ್ದವು. ಯೋಜನೆ ಕೈಬಿಟ್ಟು ನಷ್ಟ ಬರೆದುಕೊಳ್ಳುವುದು. ಜಾಝ್ ಬಲ್ಲ ಹನ್ನೆರಡು ಗಾಯಕರನ್ನು ಹುಡುಕುವುದು. ಮೂರನೆಯದು ಸಂಯೋಜಕ ಮುಂದಿಟ್ಟದ್ದು: ವೃಂದವನ್ನು ಕಳಿಸಿಬಿಡೋಣ, ನಡೆ ಗೊತ್ತಿರುವ ನಾವು ಮೂವರೇ ಪದರದ ಮೇಲೆ ಪದರ ಹಾಡೋಣ. ನಿರ್ಮಾಪಕ ಒಪ್ಪಿದ. ಆಗಲೇ ನಷ್ಟದಲ್ಲಿದ್ದ ಕೆಲಸಕ್ಕೆ ಇನ್ನಷ್ಟು ಸ್ಟುಡಿಯೊ ಸಮಯ ಕೊಡುವ ತೀರ್ಮಾನ ಅದು. 1957ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಧ್ವನಿಮುದ್ರಣ ನಡೆಯಿತು.

ಇದರ ಧೈರ್ಯ ಅರ್ಥವಾಗಬೇಕಾದರೆ ಆಗಿನ ಯಂತ್ರಗಳ ಸ್ಥಿತಿ ತಿಳಿದಿರಬೇಕು. ಎಂಟು ಟ್ರ್ಯಾಕಿನ ಟೇಪ್ ಯಂತ್ರ ಲೆಸ್ ಪಾಲ್ ಎಂಬ ಗಿಟಾರ್ ವಾದಕನ ಮನೆಗೆ ಬಂದದ್ದೇ 1957ರಲ್ಲಿ. ಮಿಕ್ಕ ಸ್ಟುಡಿಯೊಗಳಲ್ಲಿ ಪದರ ಹಾಡುವುದೆಂದರೆ ಒಂದು ಯಂತ್ರದಲ್ಲಿ ಹಳೆಯ ಟೇಪ್ ಓಡಿಸುತ್ತಾ, ಅದರ ಜತೆ ಹೊಸ ಕಂಠ ಬೆರೆಸಿ ಎರಡನ್ನೂ ಇನ್ನೊಂದು ಯಂತ್ರಕ್ಕೆ ಇಳಿಸುವುದು. ಮತ್ತೊಂದು ಪದರ ಬೇಕೆಂದರೆ ಈ ಹೊಸ ಟೇಪನ್ನು ಓಡಿಸಿ ಮತ್ತೆ ಮೊದಲಿನದಕ್ಕೆ.

ಲೆಕ್ಕ ಹಾಕಿದರೆ: ಮೂವರೂ ಒಟ್ಟಿಗೆ ನಿಂತು ನಾಲ್ಕು ಸುತ್ತು ಹಾಡಿದರೆ ಹನ್ನೆರಡು ಕಂಠ. ಆದರೆ ವಿಭಾಗಗಳನ್ನು ಬೆರೆಸದೆ ಹಾಡಬೇಕೆಂದರೆ ಟ್ರೊಂಬೋನಿಗೆ ಒಂದು ಸುತ್ತು ಸಾಕು, 4 ಟ್ರಂಪೆಟ್‌ಗೆ ಎರಡು, 5 ಸ್ಯಾಕ್ಸೊಫೋನಿಗೆ ಎರಡು, ಒಟ್ಟು ಐದು. ಪ್ರತಿ ಪ್ರತಿಗೂ ಟೇಪಿನ ‘ಸ್ಸ್’ ಸದ್ದು ಕೂಡುತ್ತದೆ: ಎರಡನೆಯ ಪ್ರತಿಗೆ 3 ಡೆಸಿಬಲ್, ನಾಲ್ಕನೆಯದಕ್ಕೆ 6, ಐದನೆಯದಕ್ಕೆ ಸುಮಾರು 7. ಮೊದಲು ಹಾಡಿದ ಪದರ ಅಷ್ಟೂ ಸಲ ನಕಲಾಗಿ ತನ್ನ ಮೇಲ್ಸ್ಥಾಯಿಯ ಹೊಳಪು ಕಳೆದುಕೊಳ್ಳುತ್ತದೆ. ಹಾಗಾಗಿ ಈ ವಿಧಾನದಲ್ಲಿ ಒಳಸಾಲುಗಳನ್ನೂ ಕೆಳಗಿನ ಸಾಲುಗಳನ್ನೂ ಮೊದಲು ಹಾಡಿ, ಮುಖ್ಯ ಸಾಲು ಮತ್ತು ಸೋಲೋ ಕೊನೆಗೆ ಇಟ್ಟುಕೊಳ್ಳುತ್ತಾರೆ. ದೊಡ್ಡ ಅಪಾಯ ಇನ್ನೊಂದಿದೆ: ಬೆರೆಸಿದ ಪ್ರಮಾಣ ಅಲ್ಲಿಗೇ ಗಟ್ಟಿ. ಟ್ರೊಂಬೋನ್ ಪದರ ಜೋರಾಯಿತೆಂದು ಐದನೆಯ ಸುತ್ತಿನಲ್ಲಿ ಗೊತ್ತಾದರೆ ಟ್ರೊಂಬೋನ್ ಸುತ್ತಿನವರೆಗೆ ಹಿಂದಕ್ಕೆ ಹೋಗಿ ಮುಂದಿನದೆಲ್ಲ ಮತ್ತೆ ಹಾಡಬೇಕು. ಎರಡು ಯಂತ್ರ ಬಳಸುವುದರಿಂದ ಒಂದು ಸಮಾಧಾನವುಂಟು, ಹಿಂದಿನ ಪ್ರತಿ ಅಳಿಯದೆ ಉಳಿದಿರುತ್ತದೆ. ಹಾಡುತ್ತಿರುವ ಸುತ್ತಿನಲ್ಲೇ ತಪ್ಪು ಗೊತ್ತಾದರೆ ಅದೊಂದನ್ನಷ್ಟೇ ಮತ್ತೆ ಹಾಡಬಹುದು.

ಪಾಲು ಹಂಚಿಕೆಯಲ್ಲಿ ಗಾಯಕಿಗೆ ಟ್ರಂಪೆಟ್‌ಗಳ ಮೇಲಿನ ಸಾಲುಗಳು ಬಂದವು. ಸ್ಯಾಕ್ಸೊಫೋನ್ ಸೋಲೋಗಳಲ್ಲಿ ಹೆಚ್ಚಿನವು ಪದಕಾರನ ಪಾಲು, ಟ್ರೊಂಬೋನ್ ಸಂಯೋಜಕನದು.

ಏನಾಯಿತು

ಆಲ್ಬಮ್ ಜಾಝ್ ಕೇಳುಗರಲ್ಲಿ ದೊಡ್ಡ ಸುದ್ದಿಯಾಯಿತು. ಆವರೆಗೆ ತಂಡವೇ ಅಲ್ಲದಿದ್ದ ಮೂವರು ಅದರಿಂದಾಗಿ ತಂಡವಾದರು. 1998ರಲ್ಲಿ ಅದು ಗ್ರ್ಯಾಮಿಯ ಹಾಲ್ ಆಫ್ ಫೇಮ್ ಸೇರಿತು. 1937ರ ‘ವನ್ ಓಕ್ಲಾಕ್ ಜಂಪ್’ನಂಥ ಹಳೆಯ ಕೃತಿಯೂ ಬೇಸಿ 1955ರಲ್ಲಿ ಮರುಜೀವ ಕೊಟ್ಟ ಬ್ಲೂಸ್ ಹಾಡೂ ಒಂದೇ ತಟ್ಟೆಯಲ್ಲಿದ್ದದ್ದರಿಂದ ಇದನ್ನು ಬರೀ ಹಳೆಯ ನೆನಪಿನ ಸರಕೆಂದು ಯಾರೂ ಬದಿಗಿಡಲಿಲ್ಲ.

ಕಂಠ ಕಡಿಮೆಯಾದಾಗ ಸದ್ದು ದೊಡ್ಡದಾದದ್ದು ಹೇಗೆ? ವಾದ್ಯ ವಿಭಾಗವೆಂದರೆ ಒಂದೇ ಬಗೆಯ ನಾಲ್ಕು ವಾದ್ಯ; ಅವುಗಳ ನಾದದ ಬಣ್ಣ ಒಂದೇ. ಹನ್ನೆರಡು ಬೇರೆ ಬೇರೆ ಗಂಟಲುಗಳಲ್ಲಿ ಸ್ವರಾಕ್ಷರದ ಬಣ್ಣ ಹನ್ನೆರಡು ಥರ. ಒಬ್ಬಳೇ ಗಾಯಕಿ ನಾಲ್ಕು ಸಾಲು ಹಾಡಿದಾಗ ‘ಆ’ ಎಂಬುದು ನಾಲ್ಕೂ ಕಡೆ ಅದೇ ‘ಆ’, ಕಂಪನ ಅದೇ, ಹಿಂದೆ ಸರಿಯುವ ಅಳತೆಯೂ ಅದೇ. ಪದರಗಳ ನಡುವೆ ಉಳಿಯುವ ಹತ್ತಿಪ್ಪತ್ತು ಮಿಲಿಸೆಕೆಂಡಿನ ಸಣ್ಣ ವ್ಯತ್ಯಾಸವೇ ಬೇರೆ ಬೇರೆ ಜನ ನುಡಿಸಿದ ಭಾಸ ಕೊಡುತ್ತದೆ. ಜನಸಂಖ್ಯೆಯ ಕೊರತೆಯೆಂದು ಬಗೆದದ್ದು ನಡೆಯ ಕೊರತೆಯಾಗಿತ್ತು. ಈ ಪ್ರಕರಣದಿಂದ ಒಂದೇ ಮಾತು ಎತ್ತಿಕೊಳ್ಳಬೇಕಿದ್ದರೆ ನಾವು ಇದನ್ನೇ ಎತ್ತಿಕೊಳ್ಳುತ್ತೇವೆ.

ಸಾಹಿತ್ಯದ ಕಟ್ಟಡವೂ ನೆರವಾಯಿತು. ಸೋಲೋ ಹಾಡುವವನು ಕಥೆ ಹೇಳುತ್ತಾನೆ, ವಿಭಾಗಗಳು ಹಿಮ್ಮೇಳದಂತೆ ಅದಕ್ಕೆ ಹೂಂಗುಟ್ಟುತ್ತವೆ, ಕೆಣಕುತ್ತವೆ, ತಿದ್ದುತ್ತವೆ. ಮೂಲದಲ್ಲೇ ಇದ್ದ ಕರೆ ಮತ್ತು ಮರುನುಡಿಯ ಚೌಕಟ್ಟಿಗೆ ಇದು ಸಲೀಸಾಗಿ ಕೂತಿತು. ಒಂದು ದೋಷವನ್ನು ಹೇಳಲೇಬೇಕು: ಕೊನೆಯ ಭಾಗದಲ್ಲಿ ಮೂರು ವಿಭಾಗಗಳೂ ಮೂರು ಬೇರೆ ಮಾತು ಹಾಡತೊಡಗಿದಾಗ ಒಂದೂ ಕಿವಿಗೆ ದಕ್ಕುವುದಿಲ್ಲ. ಅಂಥ ಕಡೆ ಎರಡು ವಿಭಾಗಕ್ಕೆ ಅರ್ಥವಿಲ್ಲದ ಅಕ್ಷರ ಕೊಟ್ಟು, ಮಾತನ್ನು ಒಂದಕ್ಕಷ್ಟೇ ಉಳಿಸಿದ್ದರೆ ಹೆಚ್ಚು ದಕ್ಕುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಪೇಚು ವೇದಿಕೆಯಲ್ಲಿ ಎದುರಾಗುವಂಥದ್ದು. ಹನ್ನೆರಡು ಕಂಠದ ಆಲ್ಬಮ್ ಕೇಳಿ ಬಂದ ಜನರ ಮುಂದೆ ನಿಲ್ಲುವವರು ಮೂವರು. ಮೂವರಿಗೆ ಸಾಲುಗಳನ್ನು ಇಳಿಸುವಾಗ ಕಾರ್ಡಿನ ಎಲ್ಲ ಸ್ವರಗಳನ್ನು ಉಳಿಸಿಕೊಳ್ಳಲಾಗದು. ಬಾಸ್ ವಾದ್ಯ ಷಡ್ಜ ಕೊಡುತ್ತದೆ, ಆದ್ದರಿಂದ ಅದನ್ನು ಬಿಡಿ, ಪಂಚಮವನ್ನೂ ಬಿಡಿ, ಗಾಂಧಾರ ಮತ್ತು ನಿಷಾದ (ಸಿಕ್ಸ್ತ್ ಕಾರ್ಡಾದರೆ ಧೈವತ) ಎರಡನ್ನು ಇಬ್ಬರು ಹಿಡಿದರೆ ಮೂರನೆಯವರು ಮೇಲಿನ ರಾಗಸಾಲು ಹಾಡಬಹುದು. ಸೋಲೋ ಇದ್ದಾಗ ಒಬ್ಬರು ಸೋಲೋ, ಇಬ್ಬರು ರಿಫ್ (ಮತ್ತೆ ಮತ್ತೆ ಮರಳುವ ಗಿಡ್ಡ ಸ್ವರಗುಚ್ಛ). ಮುಂದಿನ ಆಲ್ಬಮ್‌ಗೆ ತಂಡ ಇನ್ನೊಂದು ದಾರಿ ಹಿಡಿಯಿತು: ಬೇಸಿಯ ಇಡೀ ಬ್ಯಾಂಡೇ ಹಿಂದೆ ನಿಂತು ನುಡಿಸಿತು. 1959ರ ಹೊತ್ತಿಗೆ ಸಣ್ಣ ಲಯ ತಂಡದ ಜತೆ ಮೂರೇ ಕಂಠದ ಶೈಲಿ ಕುದುರಿತ್ತು. 1962ರಲ್ಲಿ ಗ್ರ್ಯಾಮಿಯೂ ಬಂತು. ಅದೇ ವರ್ಷ ಗಾಯಕಿ ತಂಡ ಬಿಟ್ಟಳು. ಬೇರೊಬ್ಬ ಗಾಯಕಿ ಬಂದರೂ ತಂಡ ಹೆಚ್ಚು ಕಾಲ ನಿಲ್ಲಲಿಲ್ಲ. ಮೂರು ಕಂಠದ ಮೇಲೇ ನಿಂತ ಶೈಲಿಗೆ ಒಂದು ಕಂಠ ಬದಲಾದರೂ ನಾದದ ಬಣ್ಣ ಬೇರೆಯಾಗುತ್ತದೆ.

ಈಗ ಇಂಥದಕ್ಕೆ ಕೈಹಾಕುವವರಿಗೆ

ಗಾಯಕರ ಆಯ್ಕೆಯಲ್ಲಿ ಲಿಪಿ ಓದುವ ಪರೀಕ್ಷೆ ಎರಡನೆಯದು. ಮೊದಲ ಪರೀಕ್ಷೆ: ಎಂಟು ಆವರ್ತದ ಸ್ಯಾಕ್ಸೊಫೋನ್ ವಿಭಾಗದ ತುಣುಕನ್ನು ಕೇಳಿಸಿ, ಲಿಪಿಯಿಲ್ಲದೆ ಅದರ ಜತೆಗೇ ಹಾಡಲು ಹೇಳಿ. ರೆಕಾರ್ಡಿನ ಸದ್ದನ್ನು ನಡುವೆ ಎರಡು ಆವರ್ತ ನಿಲ್ಲಿಸಿ ಮತ್ತೆ ಬಿಡಿ. ವಾದ್ಯಗಳು ಮರಳಿದಾಗ ಹಾಡುವವರು ಅದೇ ಜಾಗದಲ್ಲಿದ್ದರೆ ಆಯಿತು. ಎಂಟು ಜನರಲ್ಲಿ ಮೂವರಷ್ಟೇ ಗೆದ್ದರೆ ಆ ಮೂವರನ್ನೇ ಇಟ್ಟುಕೊಂಡು ಪದರ ಹಾಡಿಸುವುದು ಮೇಲು.

ಕ್ಲಿಕ್ (ಎಣಿಕೆ ತೋರಿಸಲು ಕಿವಿಗೆ ಕೊಡುವ ಟಿಕ್ ಸದ್ದು) ಹಾಕಿ ಹಾಡುವುದಿದ್ದರೆ ಅದು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಮಾತ್ರ ಬೀಳಲಿ. ನಾಲ್ಕಕ್ಕೂ ಬಿದ್ದರೆ ಹಾಡುವವರು ಅದಕ್ಕೆ ಅಂಟಿಕೊಂಡು ಹಿಂದೆ ಸರಿಯುವುದನ್ನೇ ಮರೆಯುತ್ತಾರೆ. ಸಾಧ್ಯವಿದ್ದರೆ ಕ್ಲಿಕ್ಕೇ ಬೇಡ. ಲಯ ವಾದ್ಯಗಳನ್ನು ಮೊದಲು ಒಟ್ಟಿಗೆ ರೆಕಾರ್ಡ್ ಮಾಡಿ ಅದರ ಮೇಲೆ ಹಾಡಿ. ಬಜೆಟ್ ಕಡಿತವಾದರೆ ಕಂಠಗಳನ್ನು ಕಡಿಮೆ ಮಾಡಿ, ಒಳ್ಳೆಯ ಡ್ರಮ್ಮರನ್ನೂ ಬಾಸನ್ನೂ ಬಿಡಬೇಡಿ.

ಉಸಿರಿನ ಗುರುತನ್ನು ಸಾಹಿತ್ಯ ಬರೆಯುವಾಗಲೇ ಹಾಕಬೇಕು. ನಿಮಿಷಕ್ಕೆ 180 ಎಣಿಕೆಯಲ್ಲಿ ನಾಲ್ಕು ಆವರ್ತ ಐದು ಸೆಕೆಂಡು ಚಿಲ್ಲರೆ, ಯಾರಿಗಾದರೂ ಸಾಧ್ಯ. 130ರಲ್ಲಿ ಎಂಟು ಆವರ್ತದ ಸಾಲು ಹತ್ತಿರಹತ್ತಿರ 15 ಸೆಕೆಂಡು. ಅಲ್ಲಿ ವಾದ್ಯಗಾರ ಉಸಿರೆಳೆದ ಜಾಗ ಹುಡುಕಿ, ಪದ ಅಲ್ಲೇ ಮುಗಿಯುವಂತೆ ನೋಡಿಕೊಳ್ಳಿ. ಪದದ ನಡುವೆ ಉಸಿರು ಬಿದ್ದರೆ ಆ ಸಾಲು ಎಂದಿಗೂ ಸರಿಹೋಗುವುದಿಲ್ಲ.

ಗಿಡ್ಡ ಒತ್ತುಸ್ವರಕ್ಕೆ ಟ್, ಪ್, ಕ್‌ನಲ್ಲಿ ಮುಗಿಯುವ ಪದ, ಉದ್ದ ಸ್ವರಕ್ಕೆ ತೆರೆದ ಸ್ವರಾಕ್ಷರ. ಇಂಗ್ಲಿಷಿನಲ್ಲಿ ಇದು ಸುಲಭ. ಕನ್ನಡದಲ್ಲಿ ಬರೆಯಲು ಹೊರಟವರಿಗೆ ಇಲ್ಲಿ ತೊಡಕಾಗುತ್ತದೆ, ನಮ್ಮ ಮಾತು ಬಹುಪಾಲು ಸ್ವರಾಕ್ಷರದಲ್ಲಿ ಮುಗಿಯುವುದರಿಂದ ಪ್ರತಿ ಗಿಡ್ಡ ಸ್ವರಕ್ಕೂ ಒಂದು ಬಾಲ ಉಳಿಯುತ್ತದೆ. ಒತ್ತಕ್ಷರದ ಮೊರೆ ಹೋಗಬಹುದು: ‘ಕಟ್ಟು’, ‘ಥಟ್ಟನೆ’, ‘ಅಪ್ಪಿ’ಗಳಲ್ಲಿ ನಾದ ನಡುವೆ ತಾನಾಗಿ ಕಡಿಯುತ್ತದೆ, ಗಿಡ್ಡ ಸ್ವರವನ್ನು ಒತ್ತಿನ ಮೊದಲ ಭಾಗಕ್ಕೆ ಹೊಂದಿಸಿದರಾಯಿತು. ನಡುವಿನ ಇಲ್ಲವೇ ಕೊನೆಯ ಸ್ವರಾಕ್ಷರ ನುಂಗುವ ಆಡುಮಾತು, ‘ಬಂದ್ರು’, ‘ಹೊಡ್ದ್’, ಗ್ರಾಂಥಿಕ ರೂಪಕ್ಕಿಂತ ಇಲ್ಲಿ ಎಷ್ಟೋ ವಾಸಿ.

‘ಸ’ಕಾರ ಪದರ ಹಾಡುವವರ ಶತ್ರು. ನಾಲ್ಕು ಪದರದಲ್ಲಿ ನಾಲ್ಕು ಸ್ ಒಂದರ ಹಿಂದೊಂದು ಬಿದ್ದರೆ ಹಾವು ಬುಸುಗುಟ್ಟಿದ ಹಾಗಾಗುತ್ತದೆ. ಮುಖ್ಯ ಸಾಲಿನವರು ಮಾತ್ರ ಸ್ಪಷ್ಟವಾಗಿ ಉಚ್ಚರಿಸಲಿ, ಒಳಸಾಲಿನವರು ಅದನ್ನು ಅರ್ಧಕ್ಕೆ ನುಂಗಲಿ. ಕೊನೆಯ ಟ್, ಪ್‌ಗಳಿಗೂ ಇದೇ ನಿಯಮ.

ಕಾನೂನಿನ ಕಡೆ ಒಂದು ಮಾತು. ಇನ್ನೂ ಹಕ್ಕು ಮುಗಿಯದ ವಾದ್ಯಕೃತಿಗೆ ಹೊಸ ಸಾಹಿತ್ಯ ಹಾಕುವುದು ಬರೀ ಕವರ್ (ಇನ್ನೊಬ್ಬರ ಕೃತಿಯನ್ನು ಮತ್ತೆ ಹಾಡಿ ರೆಕಾರ್ಡ್ ಮಾಡುವುದು) ಅಲ್ಲ. ಅಮೆರಿಕದಲ್ಲಿ ಕಡ್ಡಾಯ ಪರವಾನಗಿಯಡಿ ಮೂಲ ರಾಗವನ್ನೂ ಮೂಲ ಸ್ವರೂಪವನ್ನೂ ಬದಲಿಸದೆ ನಿಮ್ಮ ಶೈಲಿಗೆ ಹೊಂದಿಸಿಕೊಳ್ಳಬಹುದು. ಪದ ಸೇರಿಸಲು ಹಕ್ಕುದಾರ ಪ್ರಕಾಶಕರ ಒಪ್ಪಿಗೆ ಬೇಕು. ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಯ 31ಸಿ ಕಲಮಿನ ಪ್ರಕಾರ ಮೊದಲ ಧ್ವನಿಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ ಕವರ್ ಮಾಡಬಹುದು. ಆದರೆ ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಗೆ ಒಪ್ಪಿಗೆಯಿಲ್ಲದೆ ಅವಕಾಶವಿಲ್ಲ. ಪತ್ರ ವ್ಯವಹಾರವನ್ನು ತಾಲೀಮಿಗೂ ಮೊದಲು ಶುರುಮಾಡಿ. ಹಾಡು ರೆಕಾರ್ಡಾದ ಮೇಲೆ ಕೇಳಲು ಹೋದವರಿಗೆ ಚೌಕಾಶಿಯ ಬಲವೇ ಇರುವುದಿಲ್ಲ.

ಇನ್ನು ಕಂಪ್ಯೂಟರ್. ಟೇಪಿನ ಸದ್ದು, ಪ್ರತಿಯಿಂದ ಪ್ರತಿಗೆ ಮಾಸುವ ಹೊಳಪು, ಗಟ್ಟಿಯಾಗಿಬಿಡುವ ಪ್ರಮಾಣ, ಎಲ್ಲ ತೊಲಗಿತು. ಬದಲಿಗೆ ಬೇರೆ ಮೂರು ಕಾಯಿಲೆ ಬಂದಿವೆ. ಮೊದಲನೆಯದು, ಒಂದು ರಿಫ್ ಚೆನ್ನಾಗಿ ಬಂತೆಂದು ಅದನ್ನೇ ನಕಲು ಮಾಡಿ ಮುಂದಿನ ಆವರ್ತಗಳಿಗೆ ಅಂಟಿಸುವುದು. ಬೇಸಿಯ ರಿಫ್‌ಗಳು ಸುತ್ತಿನಿಂದ ಸುತ್ತಿಗೆ ಬಿಗಿಯಾಗುತ್ತಾ, ಜೋರಾಗುತ್ತಾ ಏರಬೇಕು, ಅಂಟಿಸಿದ್ದು ಏರುವುದಿಲ್ಲ. ಎರಡನೆಯದು, ಎಲ್ಲ ಸ್ವರಗಳನ್ನೂ ಎಣಿಕೆಯ ಗೆರೆಗೆ ಎಳೆದು ಕೂರಿಸುವುದು; ವೃಂದ ಹಾಡಿದಾಗ ಇದ್ದ ಕಾಯಿಲೆಯೇ ಮತ್ತೆ ಬರುತ್ತದೆ, ಈ ಸಲ ಯಂತ್ರದ ಕೈಯಿಂದ. ಮೂರನೆಯದು, ಶ್ರುತಿ ತಿದ್ದುವ ತಂತ್ರಾಂಶವನ್ನು ಪ್ರತಿ ಪದರಕ್ಕೂ ಪೂರಾ ಹಾಕುವುದು. ನಾಲ್ಕು ಪದರ ಒಂದೇ ಗೆರೆಯಲ್ಲಿ ನಿಂತರೆ ನಾಲ್ಕಾಗಿ ಕೇಳಿಸದೆ ಒಂದೇ ಕಂಠಕ್ಕೆ ತೆಳುವಾದ ಲೋಹದ ಬಣ್ಣ ಬಂದಂತಾಗುತ್ತದೆ. ತೀರಾ ಜಾರಿದ ಸ್ವರವನ್ನಷ್ಟೇ ಕೈಯಿಂದ ತಿದ್ದಿ. ಮಿಕ್ಕಂತೆ ಆ ಸುತ್ತನ್ನು ಮತ್ತೆ ಹಾಡಿಸುವುದೇ ಬೇಗ ಮುಗಿಯುವ ಕೆಲಸ.